ಬೇಕೇ ಬೇಕಾದುದು ಮತ್ತು ಇದ್ದರೆ ಒಳ್ಳೆಯದು



ಕಾಚಿಗುಡದಲ್ಲಿ ಬೆಂಗಳೂರಿನ ರೈಲನ್ನೇರುವವನಿಗೆ ಟಿಕೀಟಿಲ್ಲದೆ ಪ್ರಯಾಣವೇ ಇಲ್ಲ. ಬುತ್ತಿಯ ಗಂಟಿದ್ದರೆ ಪ್ರಯಾಣ ಸುಖಕರ. ಅದಿಲ್ಲದೆಯೂ ಒಂದು ರಾತ್ರಿ ಕಳೆದೀತು. ಓದಲು ಪುಸ್ತಕವಿದ್ದರೆ ಇನ್ನೂ ಸೊಗಸು. ಈ ಮೂರು ಬಗೆಯ ಅಗತ್ಯಗಳನ್ನು ಬೇರ್ಪಡಿಸುವ ವಿವೇಕವು ಗಣಕಯಂತ್ರದ ಲೋಕದಲ್ಲಿಯೂ ಬೇಕಾಗುತ್ತದೆ.

ಲಿನಕ್ಸ್ ಎಂಬುದು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶ. ಅದನ್ನು ತೆಲುಗಿಗೆ ಅಳವಡಿಸಿದ 'ಸ್ವೇಚ್ಛಾ' ಯೋಜನೆ ನಮ್ಮ ಹೈದರಾಬಾದಿನದೇ. ಲಿನಕ್ಸನ್ನೂ ಸಾವಿರಾರು ತಂತ್ರಾಂಶಗಳನ್ನೂ ಒಟ್ಟುಗೂಡಿಸಿ ಹಂಚುವ ಸಂಘಟನೆಗಳಲ್ಲಿ, 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಪ್ರಮುಖವಾದುದು. ಅದರಲ್ಲಿ ಪ್ರತಿಯೊಂದು ತಂತ್ರಾಂಶವೂ ಒಂದು ಪ್ಯಾಕೇಜು. ತನಗೆ ಇತರ ಯಾವ ಪ್ಯಾಕೇಜುಗಳು ಬೇಕೆಂಬುದನ್ನು ಅದು ಮೂರು ವಿಧವಾಗಿ ಹೇಳುತ್ತದೆ: ಅವಲಂಬನೆ, ಶಿಫಾರಸು, ಸೂಚನೆ. ಅವಲಂಬನೆ ಟಿಕೀಟಿನಂತೆ, ಶಿಫಾರಸು ಬುತ್ತಿಯಂತೆ, ಸೂಚನೆ ಪುಸ್ತಕದಂತೆ.

ಯಂತ್ರವನ್ನು ಜಾಲಕ್ಕೆ ಸೇರಿಸುವ 'ನೆಟ್‌ವರ್ಕ್ ಮ್ಯಾನೇಜರ್' ಎಂಬ ತಂತ್ರಾಂಶವನ್ನೇ ನೋಡೋಣ. ವೈಫೈಯ ಗುಪ್ತಪದವನ್ನು ಒಪ್ಪಿಸುವ ಕೆಲಸವನ್ನು ಅದು ಬೇರೊಂದು ತಂತ್ರಾಂಶಕ್ಕೆ ವಹಿಸುತ್ತದೆ. ಆದರೆ ತಂತಿಯ ಮೂಲಕವೇ ಜಾಲಕ್ಕೆ ಸೇರಿರುವ ಯಂತ್ರಕ್ಕೆ ಆ ಸಹಾಯಕನ ಗೊಡವೆಯೇ ಇಲ್ಲ. ಹಾಗಾದರೆ ಅದು ಟಿಕೀಟೋ, ಬುತ್ತಿಯೋ? ನೀವೇ ವಿಚಾರಿಸಿರಿ.

ಇಂಥದೇ ಪ್ರಶ್ನೆ 2012ರಲ್ಲಿ ಡೆಬಿಯನ್ನಿನಲ್ಲಿ ದೊಡ್ಡ ವಿವಾದವಾಯಿತು. ಗ್ನೋಮ್ ಎಂಬುದು ಗಣಕದ ಪರದೆಯನ್ನು ಅಣಿಗೊಳಿಸುವ ತಂತ್ರಾಂಶಗಳ ಸಮೂಹ; ಅದು ಕನ್ನಡಕ್ಕೂ ಅನುವಾದಗೊಂಡಿದೆ. ಅದರ ಮುಖ್ಯ ಭಾಗಗಳನ್ನು ಒಂದಾಗಿ ತರುವ 'ಗ್ನೋಮ್ ಕೋರ್' ಎಂಬ ಪ್ಯಾಕೇಜಿಗೆ ನೆಟ್‌ವರ್ಕ್ ಮ್ಯಾನೇಜರ್ ಕಡ್ಡಾಯವೆಂದು ಅದರ ಪಾಲಕರು ಬರೆದರು. ಹೊಸಬರಿಗೆ ಜಾಲವು ಸುಲಭವಾಗಿ ದೊರೆಯಲಿ ಎಂಬುದು ಅವರ ಆಶಯ, ಅದರಲ್ಲಿ ಹುರುಳಿತ್ತು. ಆದರೆ ಜಾಲವನ್ನು ಬೇರೆ ವಿಧಾನದಿಂದ ನಡೆಸಿಕೊಳ್ಳುತ್ತಿದ್ದವರೂ ಇದ್ದರು. ಕಡ್ಡಾಯವಾದುದನ್ನು ಕಿತ್ತರೆ ಅದನ್ನು ಅವಲಂಬಿಸಿದ ಪ್ಯಾಕೇಜೂ ಹೊರಟುಹೋಗುತ್ತದೆ. ಇಟ್ಟುಕೊಂಡರೋ, ಸರಿಯಾಗಿದ್ದ ತಮ್ಮ ಏರ್ಪಾಟು ಕೆಡಬಹುದೆಂಬ ಅಂಜಿಕೆ. ಡೆಬಿಯನ್ನಿನ ತಾಂತ್ರಿಕ ಸಮಿತಿಯು ಇಬ್ಬರ ವಾದವನ್ನೂ ಆಲಿಸಿ, ಆ ಅವಲಂಬನೆಯನ್ನು ಶಿಫಾರಸಿಗೆ ಇಳಿಸಬೇಕೆಂದು ಅದೇ ವರ್ಷ ತೀರ್ಮಾನಿಸಿತು. ಶಿಫಾರಸು ಮಾಡಿದ ಪ್ಯಾಕೇಜು ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ. ಬೇಡವೆನ್ನುವವರು ಅದನ್ನು ತೆಗೆದಿಟ್ಟು ಉಳಿದುದನ್ನು ಬಳಸಬಹುದು. ಹೊಸಬರಿಗೂ ನಷ್ಟವಿಲ್ಲ, ಹಳಬರಿಗೂ ಬಲವಂತವಿಲ್ಲ.

ಊರು ಬಿಟ್ಟು ಈ ನಗರಕ್ಕೆ ಬಂದ ನಮ್ಮಂಥವರಿಗೆ ಈ ಲೆಕ್ಕ ಹೊಸತಲ್ಲ. ಯಾವುದನ್ನು ಬಿಟ್ಟು ಬರಬಹುದು, ಯಾವುದನ್ನು ಬಿಟ್ಟರೆ ನಾವು ನಾವಾಗಿ ಉಳಿಯೆವು ಎಂದು ತೂಗಿ ನೋಡಿಯೇ ಗಂಟು ಕಟ್ಟಿದವರು ನಾವು. ನಮಗೆ ಪ್ರಿಯವಾದುದೆಲ್ಲ ಪರರಿಗೆ ಕಡ್ಡಾಯವಾಗಬೇಕಿಲ್ಲ. ನಾಳೆ ನಿಮ್ಮಲ್ಲಿ ಕೆಲವರು ಇದೇ ನಗರದಲ್ಲಿ ತಂತ್ರಾಂಶಗಳನ್ನು ರಚಿಸುವಿರಿ. 'ಬೇಕೇ ಬೇಕು' ಎಂದು ಬರೆಯುವ ಮುನ್ನ 'ಇದಿಲ್ಲದೆ ಕೆಲಸವು ನಿಜವಾಗಿಯೂ ನಿಲ್ಲುವುದೇ?' ಎಂದು ಒಮ್ಮೆ ಕೇಳಿಕೊಳ್ಳಿರಿ.