ಊದಿದ್ದು ಟ್ರಂಪೆಟ್, ಊದಿಕೊಂಡಿದ್ದು ತುಟಿ

ಟ್ರಂಪೆಟ್‌ನಲ್ಲಿ ಎತ್ತರದ ಸ್ವರ ಹಿಡಿಯುವ ಆಸೆಯೇ? ಮೊದಲು ನಾನು ಮಾಡಿದ್ದನ್ನೆಲ್ಲ ಮಾಡಬೇಡಿ.

ನಮ್ಮಪ್ಪ ಮದುವೆ ಬ್ಯಾಂಡ್‌ಸೆಟ್‌ನಲ್ಲಿ ಟ್ರಂಪೆಟ್ ಊದುವವರು. ಕಳೆದ ವರ್ಷ ಅವರ ಮುಂದಿನ ಹಲ್ಲೊಂದು ಹೋಯಿತು. ಅದರ ಹಿಂದೆಯೇ ಮೇಲಿನ ಸ್ವರಗಳೂ ಹೋದವು. 'ಮೇಲಿಂದು ನೀನು ಊದು, ಕೆಳಗಿಂದು ನಾನು ನೋಡ್ಕೋತೀನಿ' ಅಂದರು. ಬಿಇ ಓದುವವನಿಗೆ ಮೂರು ವಾಲ್ವ್ ಯಾವ ಲೆಕ್ಕ ಅಂತ ಒಪ್ಪಿಕೊಂಡೆ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ಮೌತ್‌ಪೀಸನ್ನು ತುಟಿಗೆ ಬಲವಾಗಿ ಒತ್ತುವುದು. ಸ್ವರ ಒಂದು ಮೆಟ್ಟಿಲು ಏರುವುದೇನೋ ನಿಜ. ಸ್ವಲ್ಪ ಹೊತ್ತಿಗೆ ತುಟಿ ಮರಗಟ್ಟುತ್ತದೆ, ಆಮೇಲೆ ಊದಿಕೊಳ್ಳುತ್ತದೆ. ಮರುದಿನ ವೈವಾದಲ್ಲಿ 'ಬರ್ನೌಲಿ' ಅನ್ನಲು ಹೋದೆ, ಗಾಳಿ ಮಾತ್ರ ಬಂತು. ಪ್ರಾಕ್ಟಿಕಲ್ ಆಗಿ ಉತ್ತರ ಕೊಟ್ಟೆ ಅಂದುಕೊಂಡರೋ ಏನೋ, ಪಾಸಾದೆ!

ಆಮೇಲೆ ಲೆಕ್ಕ ಹಾಕಿದೆ. ಬಿ ಫ್ಲಾಟ್ ಟ್ರಂಪೆಟ್‌ನಲ್ಲಿ ಹೈ ಸಿ ಬರಬೇಕಾದರೆ ತುಟಿ ಸೆಕೆಂಡಿಗೆ ಸುಮಾರು 932 ಸಲ ಅದುರಬೇಕು. ಒತ್ತಿ ಹಿಡಿದರೆ ಪಾಪ ಅದು ಅದುರುವುದಾದರೂ ಹೇಗೆ? ಬೇಕಾದ್ದು ವೇಗದ ಗಾಳಿ, ಬಿಗಿಯಾದ ಬಾಯಿಯ ಮೂಲೆಗಳು, 'ಈ' ಅಂದಾಗಿನಂತೆ ಮೇಲೆದ್ದ ನಾಲಿಗೆ. ವಾಲ್ವ್ ಮುಟ್ಟದೆ ಒಂದು ಸ್ವರದಿಂದ ಇನ್ನೊಂದಕ್ಕೆ ಮೆಲ್ಲಗೆ ಜಾರುವ ಅಭ್ಯಾಸ ದಿನಾ ಮಾಡಿ. ಊದಿದಷ್ಟೇ ಹೊತ್ತು ವಿಶ್ರಾಂತಿಯೂ ಬೇಕು (ಹಾಸ್ಟೆಲ್‌ನವರಿಗೆ ಇಷ್ಟವಾದದ್ದು ಇದೊಂದೇ).

ತಿಂಗಳಿಗೆ ಅರ್ಧ ಸ್ವರ ಏರಿದರೆ ಪುಣ್ಯ. ನಾನಿನ್ನೂ 'ಎ' ಹತ್ತಿರ ಇದ್ದೇನೆ. ಮೊನ್ನೆ ದಿಬ್ಬಣದಲ್ಲಿ ಹುಮ್ಮಸ್ಸಿಗೆ ಹೈ ಸಿಗೆ ಕೈಹಾಕಿದೆ. ಬಂದ ಸದ್ದಿಗೆ ಮದುಮಗನ ಕುದುರೆ ಬೆಚ್ಚಿತು. ಪಕ್ಕದಲ್ಲಿ ಅಪ್ಪ ಕಣ್ಣಲ್ಲೇ ನಗುತ್ತಾ, ಕೆಳಗಿನ ಸ್ವರ ಬಿಡದೆ ಹಿಡಿದಿದ್ದರು.