ಮುಳುಗುವವರ ಚೀಲ ವಿಮಾನ ಏರುವಾಗ

ವಿಮಾನ ನಿಲ್ದಾಣದ ಕ್ಷ-ಕಿರಣ ಯಂತ್ರದ ಪರದೆಯ ಮೇಲೆ ಆ ಚೀಲದ ಚಿತ್ರ ಮೂಡಿದಾಗ ಭದ್ರತಾ ಸಿಬ್ಬಂದಿ ಹುಬ್ಬು ಗಂಟಿಕ್ಕಿದರೆ ಆಶ್ಚರ್ಯವಿಲ್ಲ. ಒಂದು ಗಟ್ಟಿ ಲೋಹದ ಗುಂಡು, ಅದರಿಂದ ನಾಲ್ಕು ದಿಕ್ಕಿಗೆ ಹೊರಟ ರಬ್ಬರ್ ಕೊಳವೆಗಳು, ಒಂದು ಕೊಳವೆಯ ತುದಿಗೆ ಗಡಿಯಾರದಂಥ ಮಾಪಕ. 'ಏನ್ರೀ ಇದು?' ಎಂದು ಕೇಳದೆ ಅವರು ಬಿಟ್ಟಾರೆಯೆ? ಇದು ಬಾಂಬೂ ಅಲ್ಲ, ಬಚ್ಚಲುಮನೆಯ ನಲ್ಲಿಯ ಬಿಡಿಭಾಗವೂ ಅಲ್ಲ. ಕಡಲಾಳದಲ್ಲಿ ಮನುಷ್ಯನನ್ನು ಉಸಿರಾಡಿಸುವ ರೆಗ್ಯುಲೇಟರ್. ಸ್ಕೂಬಾ ಡೈವಿಂಗ್ ಕಲಿತವರು ಹೊರದೇಶಕ್ಕೆ ಹೊರಟಾಗ ಕೈಚೀಲದಲ್ಲಿ ಜೋಪಾನವಾಗಿ ಒಯ್ಯುವ ಸಾಮಾನು ಇದು.

ಮೊದಲೆಲ್ಲ ಸ್ಕೂಬಾ ಎಂದರೆ ಇಂಗ್ಲಿಷ್ ಚಿತ್ರಗಳಲ್ಲಿ ಮಾತ್ರ ಕಾಣುತ್ತಿದ್ದ ಸಾಹಸ. ಈಗ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಮೊದಲ ಬಾರಿ ನೀರಿಗಿಳಿದು, ಮುಂದಿನ ರಜೆಗೆ ಮಾಲ್ಡೀವ್ಸ್‌ಗೆ ಹೊರಡುವ ಕಾಲೇಜು ಹುಡುಗ ಹುಡುಗಿಯರಿದ್ದಾರೆ. ಬೆಂಗಳೂರಿನಿಂದ ಅದು ಸುಮಾರು ಎರಡು ಗಂಟೆಯ ಹಾರಾಟ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಚೀಲವನ್ನು ತಕ್ಕಡಿಗೆ ನೇತುಹಾಕಿ, ತೂಕ ಎಷ್ಟಾಯಿತು ಎಂದು ಎಲ್ಲರೂ ಬಗ್ಗಿ ನೋಡುತ್ತಾರೆ. ಆದರೆ ಈ ಚೀಲದಲ್ಲಿ ತೂಕಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಒತ್ತಡದ ಬಗ್ಗೆ.

ಸಿಲಿಂಡರನ್ನೇ ತೆಗೆದುಕೊಳ್ಳಿ. ಮುಳುಗುವವರ ಬೆನ್ನಿಗೆ ಕಟ್ಟುವ ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ಖಾಲಿಯಿದ್ದಾಗ ಸುಮಾರು 14 ಕಿಲೋ, ಹೆಚ್ಚುಕಡಿಮೆ ಮನೆಯ ಖಾಲಿ ಅಡುಗೆ ಅನಿಲದ ಸಿಲಿಂಡರಿನಷ್ಟೇ. ಅದರ ಒಳಗಿನ ಜಾಗ 11 ಲೀಟರ್ ಮಾತ್ರ. ಅಷ್ಟರಲ್ಲಿ ಸುಮಾರು 200 ವಾಯುಭಾರದ ಒತ್ತಡದಲ್ಲಿ ಗಾಳಿ ತುಂಬುತ್ತಾರೆ. ಕಾರಿನ ಚಕ್ರದ ಗಾಳಿಯ ಒತ್ತಡಕ್ಕೆ ಹೋಲಿಸಿದರೆ ಸುಮಾರು ನೂರು ಪಟ್ಟು! ಬಾಯ್ಲ್ ನಿಯಮ ಓದಿದ ವಿದ್ಯಾರ್ಥಿ ಪೆನ್ಸಿಲ್ ಹಿಡಿಯಬಹುದು. 11 ಲೀಟರನ್ನು 200ರಿಂದ ಗುಣಿಸಿದರೆ 2,200 ಲೀಟರ್ ಗಾಳಿ. ಲೀಟರಿಗೆ 1.2 ಗ್ರಾಮಿನಂತೆ ಅದರ ತೂಕ ಎರಡೂವರೆ ಕಿಲೋ ದಾಟುತ್ತದೆ. ಗಾಳಿಗೆ ತೂಕವಿದೆ ಎಂದು ತರಗತಿಯಲ್ಲಿ ಎರಡು ಬಲೂನು ಕಟ್ಟಿ ತೋರಿಸುವುದಕ್ಕಿಂತ ಇದು ಒಳ್ಳೆಯ ಸಾಕ್ಷಿ.

ಇಂಥ ಸಿಲಿಂಡರ್ ತುಂಬಿದ್ದರೆ ಅದಕ್ಕೆ ವಿಮಾನದಲ್ಲಿ ಪ್ರವೇಶವಿಲ್ಲ. ಖಾಲಿ ಸಿಲಿಂಡರ್ ಒಯ್ಯುವವರಿಗೆ ಅಮೆರಿಕದ ಭದ್ರತಾ ನಿಯಮ ಹೇಳುವುದು ಇಷ್ಟು: ಮೂತಿಯ ವಾಲ್ವನ್ನು ಪೂರ್ತಿ ಬಿಚ್ಚಿರಬೇಕು, ತಪಾಸಣೆಯವರು ಒಳಗೆ ಇಣುಕಿ ನೋಡುವಂತಿರಬೇಕು. ಹಾಗಿದ್ದರೂ ಒಪ್ಪುವುದು, ಬಿಡುವುದು ಆಯಾ ವಿಮಾನ ಸಂಸ್ಥೆಯ ಇಷ್ಟ. ಅಷ್ಟು ಪಾಡು ಯಾರಿಗೆ ಬೇಕು? ಸಿಲಿಂಡರ್ ಹಾಗೂ ಸೊಂಟಕ್ಕೆ ಕಟ್ಟುವ ಸೀಸದ ತುಂಡುಗಳು ಹೋದ ಊರಿನ ಡೈವಿಂಗ್ ಕೇಂದ್ರದಲ್ಲೇ ಸಿಗುತ್ತವೆ. ಐದಾರು ಕಿಲೋ ಸೀಸಕ್ಕೆ ವಿಮಾನದಲ್ಲಿ ಹೆಚ್ಚುವರಿ ಶುಲ್ಕ ಕಟ್ಟಿ ಒಯ್ಯುವವನನ್ನು ಜಾಣ ಎನ್ನಲಾಗದು.

ಹಾಗಾದರೆ ಒಯ್ಯಬೇಕಾದದ್ದು ಯಾವುದು? ಮೊದಲನೆಯದು ಮುಖಕ್ಕೆ ಹಾಕುವ ಮಾಸ್ಕ್. ಅವರವರ ಮುಖಕ್ಕೆ ಸರಿಯಾಗಿ ಕೂರದ ಮಾಸ್ಕ್‌ನೊಳಗೆ ನೀರು ನುಗ್ಗುತ್ತದೆ. ಕನ್ನಡಕ ಹಾಕುವವರಿಗಂತೂ ತಮ್ಮ ನಂಬರಿನ ಗಾಜು ಕೂರಿಸಿದ ಮಾಸ್ಕ್ ಬಾಡಿಗೆಗೆ ಸಿಗುವುದು ಅಪರೂಪ. ಇದನ್ನು ಗಟ್ಟಿ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಆಳ ಮತ್ತು ಸಮಯದ ಲೆಕ್ಕ ಇಡುವ, ಮಣಿಕಟ್ಟಿಗೆ ಕಟ್ಟುವ ಡೈವ್ ಕಂಪ್ಯೂಟರಿಗೂ ಅಲ್ಲೇ ಜಾಗ. ಸಣ್ಣ ಚಾಕುವಿದ್ದರೆ ಅದು ಮಾತ್ರ ಕಡ್ಡಾಯವಾಗಿ ಕೆಳಗೆ ಹೋಗುವ ದೊಡ್ಡ ಪೆಟ್ಟಿಗೆಗೆ. ಉದ್ದನೆಯ ಈಜುರೆಕ್ಕೆಗಳನ್ನು ಪೆಟ್ಟಿಗೆಯ ಎರಡು ಬದಿಗೆ ಹಲಗೆಗಳಂತೆ ನಿಲ್ಲಿಸಿ, ನಡುವೆ ಗಾಳಿ ತೆಗೆದು ಮಡಿಸಿದ ತೇಲು ಜಾಕೆಟ್ ಇಟ್ಟು, ಈಜುಡುಪನ್ನು ಸುತ್ತ ಮೆತ್ತೆಯಂತೆ ತುರುಕಿದರೆ ಪೆಟ್ಟಿಗೆ ಬಿಗಿಯಾಗುತ್ತದೆ. ಮಾಲ್ಡೀವ್ಸ್‌ನ ನೀರು ವರ್ಷವಿಡೀ 27ರಿಂದ 30 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಇರುವುದರಿಂದ ಮೂರು ಮಿಲಿಮೀಟರ್ ದಪ್ಪದ ಉಡುಪೇ ಸಾಕು.

ರೆಗ್ಯುಲೇಟರಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಸಿಲಿಂಡರಿನ 200 ವಾಯುಭಾರವನ್ನು ಎರಡು ಹಂತದಲ್ಲಿ ಇಳಿಸಿ, ಸುತ್ತಲ ನೀರಿನ ಒತ್ತಡಕ್ಕೆ ಸರಿಸಮನಾದ ಗಾಳಿಯನ್ನು ಬೇಕಾದಾಗ ಬೇಕಾದಷ್ಟೇ ಬಾಯಿಗೆ ಕೊಡುವುದು ಇದರ ಕೆಲಸ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕೂಸ್ತೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಇದನ್ನು ರೂಪಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲ್ ಸಿಗದೆ ಅನಿಲದಿಂದ ಓಡಿಸುತ್ತಿದ್ದ ಕಾರುಗಳಿಗಾಗಿ ಗಾನ್ಯಾನ್ ಮಾಡಿದ್ದ ವಾಲ್ವೇ ಇದರ ಮೂಲ! ಇದನ್ನು ಮಡಿಸುವಾಗ ಕೊಳವೆ ಮುರಿಯುವಂತೆ ಬಗ್ಗಿಸದೆ ದೊಡ್ಡ ಸುರುಳಿಯಾಗಿ ಸುತ್ತಬೇಕು. ಗಾಳಿ ಪ್ರವೇಶಿಸುವ ಬಾಯಿಗೆ ಒಣಗಿದ ಮುಚ್ಚಳ ಹಾಕಿರಬೇಕು. ಅದು ಕಳೆದುಹೋದರೆ ಇಡೀ ಪ್ರವಾಸಕ್ಕೆ ಬದಲಿ ಸಿಗುವುದು ಕಷ್ಟ. ಆದ್ದರಿಂದ ಇದೂ ಕೈಚೀಲಕ್ಕೇ.

ಹೆತ್ತವರಿಗೊಂದು ಕಿವಿಮಾತು. ಹತ್ತು ವರ್ಷ ತುಂಬಿದ ಮಕ್ಕಳಿಗೂ ಈಗ ಕಿರಿಯರ ತರಬೇತಿ ಉಂಟು. ಹಾಗೆಂದು ಇಡೀ ಸಾಮಗ್ರಿ ಕೊಳ್ಳಲು ಅವಸರ ಬೇಡ. ಮಗುವಿನ ಪಾದ ವರ್ಷಕ್ಕೊಂದು ಅಳತೆ ದಾಟುತ್ತದೆ, ಈಜುರೆಕ್ಕೆ ಅಟ್ಟ ಸೇರುತ್ತದೆ. ಒಂದು ಒಳ್ಳೆಯ ಮಾಸ್ಕ್ ಸಾಕು.

ಬೆಂಕಿಯ ಭಯ

ನೀರೊಳಗಿನ ಟಾರ್ಚ್ ನೋಡಲು ಸಾಧು. ಆದರೆ ವಿಮಾನ ಸಂಸ್ಥೆಗಳು ಅತಿ ಹೆಚ್ಚು ಅನುಮಾನಪಡುವ ವಸ್ತುಗಳಲ್ಲಿ ಅದೂ ಒಂದು. ಅದರ ಪ್ರಖರ ದೀಪ ತಣ್ಣಗಿರುವುದು ಸುತ್ತ ನೀರಿರುವುದರಿಂದ. ಪೆಟ್ಟಿಗೆಯೊಳಗೆ ಬಟ್ಟೆಗಳ ನಡುವೆ ಗುಂಡಿ ಒತ್ತಿ ಹೊತ್ತಿಕೊಂಡರೆ ಶಾಖಕ್ಕೆ ಹೋಗಲು ದಾರಿಯಿಲ್ಲ. ಹಾಗಾಗಿ ಬ್ಯಾಟರಿಯನ್ನು ಟಾರ್ಚಿನಿಂದ ಬೇರ್ಪಡಿಸಿ, ಎರಡನ್ನೂ ಕೈಚೀಲದಲ್ಲಿಟ್ಟು, ವಿಮಾನ ಸಂಸ್ಥೆಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು.

ಬಿಡಿ ಲಿಥಿಯಂ ಬ್ಯಾಟರಿಗಳನ್ನಂತೂ ಕೆಳಗಿನ ಸರಕಿನ ಕೋಣೆಗೆ ಹಾಕುವಂತೆಯೇ ಇಲ್ಲ. 2010ರ ಸೆಪ್ಟೆಂಬರ್ 3ರಂದು ದುಬೈಯಿಂದ ಹೊರಟ ಸರಕು ವಿಮಾನವೊಂದರಲ್ಲಿ ಲಿಥಿಯಂ ಬ್ಯಾಟರಿಗಳಿದ್ದ ಸರಕಿಗೆ ಬೆಂಕಿ ಹತ್ತಿ, ವಿಮಾನ ಉರುಳಿ ಇಬ್ಬರು ಪೈಲಟ್‌ಗಳು ಸತ್ತರು. ಪ್ರಯಾಣಿಕ ವಿಮಾನಗಳ ಸರಕಿನ ಕೋಣೆಯಲ್ಲಿ ಬೆಂಕಿ ನಂದಿಸಲು ಬಳಸುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ತಗ್ಗಿಸುತ್ತದೆ, ಆದರೆ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯನ್ನು ತಡೆಯಲಾರದು. ಪ್ರಯಾಣಿಕರ ಕೋಣೆಯಲ್ಲಾದರೆ ಹೊಗೆ ತಕ್ಷಣ ಕಾಣುತ್ತದೆ, ಸಿಬ್ಬಂದಿ ನೀರು ಸುರಿದು ತಣಿಸುತ್ತಾರೆ.

ಮಿತಿ ತಿಳಿಯುವುದು ಸುಲಭ. ಬ್ಯಾಟರಿಯ ಮೇಲಿನ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್ ಬರುತ್ತದೆ. 14.4 ವೋಲ್ಟ್, 6.8 ಆಂಪಿಯರ್-ಅವರ್ ಬ್ಯಾಟರಿಯದು 97.92. ನೂರರ ಒಳಗಿದೆ, ಒಯ್ಯಬಹುದು. ನೂರರಿಂದ 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಪ್ರತಿ ಬಿಡಿ ಬ್ಯಾಟರಿಯ ತುದಿಗಳಿಗೂ ಟೇಪ್ ಅಂಟಿಸಿ; ಚಿಲ್ಲರೆ ನಾಣ್ಯವೊಂದು ಎರಡು ತುದಿಗೂ ತಾಗಿದರೆ ಸಾಕು, ಅನಾಹುತವಾದೀತು.

ದೇಹವೆಂಬ ಗೋಲಿ ಸೋಡಾ

ಇಷ್ಟೆಲ್ಲ ಎಚ್ಚರದಿಂದ ಚೀಲ ಕಟ್ಟಿದವರೂ ಮರಳುವಾಗ ಒಂದನ್ನು ಮರೆಯುವುದುಂಟು. ಒತ್ತಡ ತುಂಬಿದ ಸಿಲಿಂಡರನ್ನು ವಿಮಾನಕ್ಕೆ ಬಿಡುವುದಿಲ್ಲ, ಸರಿ. ಒತ್ತಡದಲ್ಲಿ ಅನಿಲ ಹೀರಿಕೊಂಡ ದೇಹ ವಿಮಾನ ಹತ್ತಿದರೆ? ಅದನ್ನು ಯಾವ ಕ್ಷ-ಕಿರಣ ಯಂತ್ರವೂ ಹಿಡಿಯದು.

ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒತ್ತಡ ಒಂದು ವಾಯುಭಾರದಷ್ಟು ಏರುತ್ತದೆ. ಮೂವತ್ತು ಮೀಟರ್ ಆಳದಲ್ಲಿ, ಅಂದರೆ ಮಾಲ್ಡೀವ್ಸ್‌ನಲ್ಲಿ ಹವ್ಯಾಸಿಗಳಿಗೆ ನಿಗದಿಯಾದ ಮಿತಿಯಲ್ಲಿ, ಒಟ್ಟು ನಾಲ್ಕು ವಾಯುಭಾರ. ಹೆನ್ರಿ ನಿಯಮದಂತೆ, ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಹೆಚ್ಚು ಅನಿಲ ಕರಗುತ್ತದೆ. ಉಸಿರಿನ ಗಾಳಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿರುವ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ನಿಧಾನವಾಗಿ ಮೇಲೆ ಬಂದರೂ ಎಲ್ಲವೂ ಒಮ್ಮೆಲೇ ಹೊರಹೋಗುವುದಿಲ್ಲ, ಗಂಟೆಗಟ್ಟಲೆ ಬೇಕು. ಅಷ್ಟರೊಳಗೆ ವಿಮಾನ ಏರಿದರೆ? ಹಾರುವ ವಿಮಾನದೊಳಗಿನ ಒತ್ತಡ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ನಮ್ಮ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರ್. ನೆಲದ ಮೇಲಿನ ಒತ್ತಡದ ಮುಕ್ಕಾಲು ಭಾಗ ಮಾತ್ರ ಉಳಿದಾಗ, ಗೋಲಿ ಸೋಡಾದ ಗೋಲಿ ಒತ್ತಿದಂತೆಯೇ! ಕರಗಿದ್ದ ಅನಿಲ ಗುಳ್ಳೆಗಳಾಗಿ ಏಳಬಹುದು. ಕೀಲುನೋವು, ಜೋಮು, ಕೆಲವೊಮ್ಮೆ ಕೈಕಾಲು ಸ್ವಾಧೀನ ತಪ್ಪುವುದು, ಇವೆಲ್ಲ ಅದರ ಫಲ.

ಈ ಗುಳ್ಳೆಯನ್ನು ಮೊದಲು ಕಂಡವನು ರಾಬರ್ಟ್ ಬಾಯ್ಲ್. ಗಾಳಿ ತೆಗೆದ ಪಾತ್ರೆಯೊಳಗಿಟ್ಟ ಹಾವಿನ ಕಣ್ಣಲ್ಲಿ ಗುಳ್ಳೆಯೊಂದು ಓಡಾಡಿದ್ದನ್ನು ಆತ 1670ರಲ್ಲಿ ವರದಿ ಮಾಡಿದ. 1908ರಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳ ಮೇಲೆ ಪ್ರಯೋಗ ನಡೆಸಿ, ಹಂತಹಂತವಾಗಿ ಮೇಲೇರುವ ಕೋಷ್ಟಕಗಳನ್ನು ಪ್ರಕಟಿಸಿದ.

ಎಷ್ಟು ಹೊತ್ತು ಕಾಯಬೇಕು? ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆ 2002ರಲ್ಲಿ ತಜ್ಞರನ್ನು ಸೇರಿಸಿ ರೂಪಿಸಿದ ಸಲಹೆ ಹೀಗಿದೆ. ಮೇಲೇರುವಾಗ ನಡುವೆ ತಂಗಲೇಬೇಕಾಗದಂಥ ಒಂದೇ ಮುಳುಗಿನ ನಂತರ ಕನಿಷ್ಠ 12 ಗಂಟೆ. ಹಲವು ಮುಳುಗುಗಳು ಅಥವಾ ಹಲವು ದಿನಗಳಾದರೆ ಕನಿಷ್ಠ 18 ಗಂಟೆ. ತಂಗಿ ತಂಗಿ ಮೇಲೇರಬೇಕಾದಷ್ಟು ದೀರ್ಘ ಮುಳುಗಾದರೆ 18ಕ್ಕಿಂತಲೂ ಸಾಕಷ್ಟು ಹೆಚ್ಚು. ಬಹಳ ಮಂದಿ ಲೆಕ್ಕದ ಗೊಡವೆಯೇ ಬೇಡವೆಂದು ಒಂದು ಪೂರ್ತಿ ದಿನ ಬಿಡುತ್ತಾರೆ. ಅದೇ ವಾಸಿ. ಇವು ಅಪಾಯವನ್ನು ಕಡಿಮೆ ಮಾಡುವ ಅವಧಿಗಳೇ ಹೊರತು ಇಲ್ಲವಾಗಿಸುವಂಥವಲ್ಲ. ಟಿಕೆಟ್ ಕಾಯ್ದಿರಿಸುವ ದಿನವೇ ಈ ಲೆಕ್ಕ ಹಾಕಬೇಕು. ಮಾಲ್ಡೀವ್ಸ್‌ನ ದ್ವೀಪಗಳ ನಡುವೆ ಹಾರುವ ಸೀಪ್ಲೇನ್‌ಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ. ಆದ್ದರಿಂದ ಮಾಲೆಯಿಂದ ರಾತ್ರಿ ವಿಮಾನವಿದ್ದರೂ ದ್ವೀಪ ಬಿಡುವುದು ಮಧ್ಯಾಹ್ನವೇ ಆಗಬಹುದು, ಕಾಯುವ ಗಂಟೆಗಳನ್ನು ಆ ಮೊದಲ ಹಾರಾಟದಿಂದಲೇ ಎಣಿಸಬೇಕು.

ಕಾಯುವ ದಿನ ವ್ಯರ್ಥವಲ್ಲ. ಉಪ್ಪುನೀರು ಕುಡಿದ ಉಡುಪು, ಜಾಕೆಟ್, ರೆಗ್ಯುಲೇಟರ್ ಎಲ್ಲವನ್ನೂ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಹರವಲು ಅಷ್ಟು ಹೊತ್ತು ಬೇಕೇ ಬೇಕು. ಒದ್ದೆ ಉಡುಪು ತುಂಬಿದ ಪೆಟ್ಟಿಗೆ ಹೋದಾಗಿಗಿಂತ ಕಿಲೋಗಟ್ಟಲೆ ಭಾರವಾಗಿ ಮರಳುತ್ತದೆ, ವಾಸನೆ ಬೇರೆ. ಮಕ್ಕಳು ಆ ದಿನ ನೀರಿನ ಮೇಲೆಯೇ ತೇಲುತ್ತ ಸ್ನಾರ್ಕೆಲ್ ಮಾಡಬಹುದು. ಮೇಲ್ಮೈಯ ಗಾಳಿಯನ್ನೇ ಉಸಿರಾಡುವುದರಿಂದ ಅದಕ್ಕೆ ಈ ಕಾಯುವ ನಿಯಮವಿಲ್ಲ. ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಸೇರಿಸಬಾರದು. ಹವಳಕ್ಕೆ ನಮ್ಮ ದೇಶದ ವನ್ಯಜೀವಿ ಕಾಯ್ದೆಯ ರಕ್ಷಣೆಯೂ ಇದೆ.

ಇದೆಲ್ಲ ಹೊರದೇಶಕ್ಕೆ ಹೋಗುವವರ ಮಾತಾಯಿತು, ನಮಗೇನು ಎನ್ನುವವರು ನೇತ್ರಾಣಿಯನ್ನು ನೆನೆಯಬೇಕು. ಬೆಳಿಗ್ಗೆ ಅಲ್ಲಿ ಎರಡು ಬಾರಿ ಮುಳುಗಿ, ಸಂಜೆಯ ಬಸ್ಸಿಗೆ ಘಟ್ಟ ಹತ್ತಿ ಬೆಂಗಳೂರಿಗೆ ಹೊರಡುವವರು ಉಂಟು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಕರಾವಳಿಯದಕ್ಕಿಂತ ಸುಮಾರು ಶೇಕಡ ಹತ್ತರಷ್ಟು ಕಡಿಮೆ. 2002ರ ಸಲಹೆ ಅನ್ವಯಿಸುವುದು ಸುಮಾರು 600 ಮೀಟರಿನಿಂದ ಮೇಲಿನ ಒತ್ತಡಕ್ಕೆ. ಅದನ್ನು ತಲುಪುವುದು ವಿಮಾನದಲ್ಲೋ ಬಸ್ಸಿನಲ್ಲೋ ಎಂಬ ವ್ಯತ್ಯಾಸ ಸಾರಜನಕಕ್ಕೆ ತಿಳಿಯದು. ಮುರುಡೇಶ್ವರದಲ್ಲೇ ಆ ರಾತ್ರಿ ತಂಗಿ, ಮರುದಿನ ಊಟ ಮುಗಿಸಿಕೊಂಡು ಘಟ್ಟ ಹತ್ತಿದರೆ ಆಯಿತು.