ಹಳೆಯ ಗೋಡೆಗೆ ಹೊಸ ಕಲ್ಲು: ಬಣ್ಣ ಹೊಂದಿಸುವುದು ಹೇಗೆ?



ಇಗರ್ಜಿ ಇರಲಿ, ಶಾಲೆ ಇರಲಿ, ಕಲ್ಲಿನ ಹಳೆಯ ಕಟ್ಟಡಕ್ಕೆ ಹೊಸ ಭಾಗ ಸೇರಿಸುವಾಗ ಒಂದು ಸಮಸ್ಯೆ ತಪ್ಪದೆ ಎದುರಾಗುತ್ತದೆ. ಹೊಸ ಮುಖಮಂಟಪ ಗಟ್ಟಿಯಾಗಿರುತ್ತದೆ, ಅಳತೆಯೂ ಸರಿಯಾಗಿರುತ್ತದೆ, ಆದರೆ ಬಣ್ಣ ಮಾತ್ರ ಹಳೆಯದರೊಂದಿಗೆ ಕೂಡುವುದಿಲ್ಲ. ಉದ್ಘಾಟನೆಯ ದಿನ ಯಾರೂ ಏನೂ ಹೇಳುವುದಿಲ್ಲ. ಆರು ತಿಂಗಳಲ್ಲಿ "ಒಂದು ಕೋಟು ಪೇಂಟ್ ಹೊಡೆಸಿಬಿಡೋಣ" ಎಂಬ ಸಲಹೆ ಬರುತ್ತದೆ. ಅಲ್ಲಿಂದ ಮುಂದೆ ಕೆಲವು ವರ್ಷಗಳಿಗೊಮ್ಮೆ ಪೇಂಟಿನ ಖರ್ಚು ಧರ್ಮಕೇಂದ್ರದ ಲೆಕ್ಕಪುಸ್ತಕದಲ್ಲಿ ಕಾಯಂ ಆಗುತ್ತದೆ.

ನಮ್ಮ ಕರಾವಳಿಯಿಂದ ಅನೇಕ ಗುರುಗಳೂ ಧರ್ಮಭಗಿನಿಯರೂ ಬಯಲುಸೀಮೆಯಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಅಲ್ಲಿನ ಕಟ್ಟಡದ ಕೆಲಸಕ್ಕೂ ನಮ್ಮಲ್ಲಿನ ಕೆಲಸಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಈ ಬಾರಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗವನ್ನು ಮುಂದಿಟ್ಟುಕೊಂಡು, ಕಾರ್ಖಾನೆಯಲ್ಲೋ ಕಟ್ಟಡದ ಅಂಗಳದಲ್ಲೋ ಅಚ್ಚು ಹಾಕಿ ತಯಾರಿಸುವ ಕಲ್ಲಿನ ಬಣ್ಣದ ಬಗ್ಗೆ ತಿಳಿಸಲು ಬಯಸುತ್ತೇವೆ.

ಈ ಕಲ್ಲು ಎಂದರೆ ಸಿಮೆಂಟು, ಮರಳು, ಸಣ್ಣ ಜಲ್ಲಿ, ಬಣ್ಣದ ಪುಡಿ ಮತ್ತು ನೀರು, ಇಷ್ಟೇ. ಕಂಬದ ತಲೆ, ಕಮಾನಿನ ತುಂಡು, ಕಿಟಕಿಯ ಚೌಕಟ್ಟು, ಗೋಡೆಯ ಮೇಲಂಚು, ಹೊದಿಕೆ ಕಲ್ಲು ಎಲ್ಲವನ್ನೂ ಹೀಗೆ ಮಾಡಬಹುದು. ಕಲ್ಲಿನ ಹೋಲಿಕೆಗೂ ಸಿಮೆಂಟಿಗೂ ಹಳೆಯ ನಂಟಿದೆ. 1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ತನ್ನ ಸಿಮೆಂಟಿಗೆ ಹಕ್ಕುಪತ್ರ ಪಡೆದಾಗ, ಅದು ಗಟ್ಟಿಯಾದ ಮೇಲೆ ಪೋರ್ಟ್‌ಲ್ಯಾಂಡ್ ಎಂಬ ಕಡೆಯ ಕಟ್ಟಡದ ಕಲ್ಲಿನಂತೆ ಕಾಣುತ್ತದೆಂದು ಆ ಹೆಸರಿಟ್ಟ. ಇಂದು ನಾವು ಕೊಳ್ಳುವ ಹೆಚ್ಚಿನ ಚೀಲಗಳ ಮೇಲೂ ಅದೇ ಹೆಸರಿದೆ.

ಇನ್ನು ಆ ಊರುಗಳ ಕಲ್ಲು. ಸಿಂಧನೂರು ಬಹುಪಾಲು ಎರೆಮಣ್ಣಿನ ನಾಡು, ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಲಿಂಗಸುಗೂರು, ಮಸ್ಕಿ ಕಡೆಗೆ ಹೋದಂತೆ ಬಂಡೆಗುಡ್ಡಗಳು ಏಳುತ್ತವೆ. ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಮಸ್ಕಿ ಈಗ ತಾನೇ ಒಂದು ತಾಲ್ಲೂಕು. 1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಇಲ್ಲಿನ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡರು. "ದೇವಾನಾಂಪ್ರಿಯ" ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರೂ ಇರುವುದರಿಂದ ಆ ಶಾಸನ ಲೋಕಪ್ರಸಿದ್ಧವಾಯಿತು. ಭೂವಿಜ್ಞಾನಿಗಳು ಹಟ್ಟಿ–ಮಸ್ಕಿ ಪಟ್ಟಿ ಎಂದು ಕರೆಯುವ ಕಪ್ಪು ಹಸಿರು ಛಾಯೆಯ ಶಿಲೆಗಳೂ ಇಲ್ಲೇ ಇವೆ. ಹಟ್ಟಿಯ ಚಿನ್ನ ಸಿಗುವುದು ಆ ಪಟ್ಟಿಯಲ್ಲಿ. ಸುತ್ತಲೂ ಬೂದು ಮತ್ತು ನಸುಗೆಂಪು ಗ್ರಾನೈಟ್ ಜಾತಿಯ ಬಂಡೆಗಳು. ಪಕ್ಕದ ಬಾಗಲಕೋಟೆ ಜಿಲ್ಲೆಯ ಇಳಕಲ್ ಕೆಂಪು ಗ್ರಾನೈಟ್ ಎಲ್ಲರಿಗೂ ಗೊತ್ತು. ಲಿಂಗಸುಗೂರು ತಾಲ್ಲೂಕಿನ ಮುದ್ಗಲ್ಲಿನ ಕೋಟೆಯನ್ನು ನೋಡಿದವರಿಗೆ ಒಂದೇ ಗೋಡೆಯಲ್ಲಿ ಎಷ್ಟು ಛಾಯೆಗಳಿವೆ ಎಂಬುದು ತಿಳಿದಿರುತ್ತದೆ. ಆದಿಲ್‌ಶಾಹಿ ಕಾಲದಿಂದ ಕಥೋಲಿಕರು ನೆಲೆಸಿರುವ ಊರೂ ಅದೇ.

ಹಾಗಾದರೆ ಇಷ್ಟು ಕಲ್ಲಿರುವ ಕಡೆ ಕೃತಕ ಕಲ್ಲೇಕೆ ಎಂದು ಕೇಳಬಹುದು. ನಮ್ಮ ಅಭಿಪ್ರಾಯವೂ ಅದೇ: ನೇರ ಗೋಡೆಗೆ ಊರಿನ ಕಲ್ಲು ಸಿಗುವುದಾದರೆ ಅದನ್ನೇ ಬಳಸಿ. ಆದರೆ ಗ್ರಾನೈಟಿನಲ್ಲಿ ಕಮಾನು, ಬಳ್ಳಿ, ಅಂಚು ಕೆತ್ತಿಸಲು ಕೈಕೆಲಸಗಾರರೂ ಕಡಿಮೆ, ಖರ್ಚೂ ಹೆಚ್ಚು. ಒಂದೇ ಆಕಾರದ ನಲವತ್ತು ತುಂಡುಗಳು ಬೇಕಾದಾಗ ಅಚ್ಚಿನ ಕಲ್ಲು ಲಾಭದಾಯಕ.

ಮೊದಲ ಪ್ರಶ್ನೆ, ಯಾವ ಬಣ್ಣಕ್ಕೆ ಹೊಂದಿಸಬೇಕು? ಹಳೆಯ ಗೋಡೆಯ ಮೇಲೆ ಇರುವುದೆಲ್ಲ ಕಲ್ಲಿನ ಬಣ್ಣವಲ್ಲ. ಕರಾವಳಿಯಲ್ಲಿ ಮಳೆಗಾಲದ ಪಾಚಿ ಗೋಡೆಯನ್ನು ಕಪ್ಪಾಗಿಸುತ್ತದೆ. ಸಿಂಧನೂರಿನಲ್ಲಿ ಪಾಚಿಗಿಂತ ಧೂಳು ಹೆಚ್ಚು. ಧೂಳು ಕುಳಿತ ಮುಖಕ್ಕೆ ಹೊಂದಿಸಿ ಕಲ್ಲು ಮಾಡಿಸಿದರೆ, ಮುಂದೆ ಹೊಸ ಕಲ್ಲಿನ ಮೇಲೂ ಧೂಳು ಕುಳಿತು ಅದು ಇನ್ನಷ್ಟು ಮಬ್ಬಾಗುತ್ತದೆ. ಹಾಗಾಗಿ ಹಳೆಯ ಗೋಡೆಯ ಒಂದು ಚದರ ಮೀಟರಿನಷ್ಟು ಜಾಗವನ್ನು ನೀರು ಮತ್ತು ನಾರಿನ ಬ್ರಷ್‌ನಿಂದ ತೊಳೆದು, ಪೂರ್ತಿ ಒಣಗಲು ಬಿಟ್ಟು, ಆ ಬಣ್ಣವನ್ನು ಗುರಿಯಾಗಿಡುವುದು ಉತ್ತಮ. ಗೋಡೆಯಲ್ಲಿ ಮೂರು ಛಾಯೆಗಳಿದ್ದರೆ ಹೊಸ ಕಲ್ಲನ್ನೂ ಮೂರು ಛಾಯೆಗಳಲ್ಲಿ ಮಾಡಿಸಿ ಬೆರೆಸಬೇಕು. ಸರಾಸರಿ ತೆಗೆದು ಒಂದೇ ಬಣ್ಣ ಮಾಡಿದರೆ ಅದು ಕಲ್ಲಿನಂತೆ ಕಾಣುವುದಿಲ್ಲ, ಟೈಲ್ಸ್‌ನಂತೆ ಕಾಣುತ್ತದೆ.

ಬಣ್ಣ ಎಂದ ಕೂಡಲೇ ಎಲ್ಲರೂ ಪುಡಿಯ ಬಗ್ಗೆ ಯೋಚಿಸುತ್ತಾರೆ. ವಾಸ್ತವದಲ್ಲಿ ಮೊದಲು ನೋಡಬೇಕಾದದ್ದು ಸಿಮೆಂಟು. ಹಾರುಬೂದಿ ಬೆರೆಸಿದ ಸಿಮೆಂಟು ಸಾಮಾನ್ಯವಾಗಿ ಕಡುಬೂದು. ಉಕ್ಕಿನ ಕಾರ್ಖಾನೆಯ ಕಿಟ್ಟ ಬೆರೆಸಿದ್ದು ಅದಕ್ಕಿಂತ ತಿಳಿ. ರಾಯಚೂರಿನ ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರವೂ ಬಳ್ಳಾರಿಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯೂ ಇರುವ ಸೀಮೆಯಿದು, ಅಂಗಡಿಯಲ್ಲಿ ಎರಡೂ ಬಗೆಯ ಚೀಲಗಳು ಸಿಗುತ್ತವೆ. ಕೆಲಸದ ನಡುವೆ ಒಂದು ಮುಗಿದು ಇನ್ನೊಂದನ್ನು ತಂದರೆ ಬಣ್ಣ ಬದಲಾಯಿತೆಂದೇ ಲೆಕ್ಕ. ಕಿಟ್ಟದ ಸಿಮೆಂಟು ಅಚ್ಚು ಬಿಚ್ಚಿದಾಗ ನೀಲಿ ಹಸಿರಾಗಿ ಕಂಡರೆ ಗಾಬರಿ ಬೇಡ, ಗಾಳಿಗೆ ಒಡ್ಡಿಕೊಂಡಂತೆ ಅದು ಮಾಯವಾಗುತ್ತದೆ. ಕೆನೆ, ಹಳದಿ, ತಿಳಿ ಗುಲಾಬಿ ಬೇಕಾದರೆ ಬಿಳಿ ಸಿಮೆಂಟು ಬೇಕೇ ಬೇಕು. ಬೂದು ಸಿಮೆಂಟಿಗೆ ಹಳದಿ ಪುಡಿ ಹಾಕಿದರೆ ಪಾಚಿಯ ಛಾಯೆ ಬರುತ್ತದೆ. ಬಿಳಿಯದು ಹಲವು ಪಟ್ಟು ದುಬಾರಿ, ಆದ್ದರಿಂದ ಹೊರಮುಖದ ಒಂದು ಇಂಚಿಗೆ ಮಾತ್ರ ಬಿಳಿಯ ಮಿಶ್ರಣ ಹಾಕಿ, ಹಿಂದೆ ಸಾಮಾನ್ಯ ಕಾಂಕ್ರೀಟು ತುಂಬುವ ಪದ್ಧತಿಯಿದೆ. ಮುಂದಿನ ಪದರ ಹಸಿಯಿರುವಾಗಲೇ ಹಿಂದಿನದನ್ನು ತುಂಬಬೇಕು, ಇಲ್ಲವಾದರೆ ಪದರ ಬಿಡುತ್ತದೆ.

ಬಣ್ಣದ ಪುಡಿಯಲ್ಲಿ ಬಿಸಿಲಿಗೆ ನಿಲ್ಲುವುದು ಕಬ್ಬಿಣದ ಆಕ್ಸೈಡ್. ನಮ್ಮ ಅಜ್ಜಿಯರ ಕಾಲದ ಕೆಂಪು ನೆಲಕ್ಕೆ ಹಾಕುತ್ತಿದ್ದ ರೆಡ್ ಆಕ್ಸೈಡ್ ಅದೇ. ಕೆಂಪು, ಹಳದಿ, ಕಪ್ಪು ಈ ಮೂರರಲ್ಲೇ ಹೆಚ್ಚಿನ ಕಲ್ಲಿನ ಬಣ್ಣಗಳು ಸಿಗುತ್ತವೆ. ಮಸಿಯ ಕಪ್ಪು ಅಗ್ಗ, ಆದರೆ ಮಳೆಗೆ ತೊಳೆದುಹೋಗಿ ಗೋಡೆ ಬಿಳಿಚಿಕೊಳ್ಳುತ್ತದೆ. ಪುಡಿಯನ್ನು ಸಿಮೆಂಟಿನ ತೂಕದ ಮೇಲೆ ಲೆಕ್ಕ ಹಾಕುತ್ತಾರೆ: ಶೇ. 5 ಎಂದರೆ 50 ಕಿಲೋ ಚೀಲಕ್ಕೆ ಎರಡೂವರೆ ಕಿಲೋ. ಅಲ್ಲಿಂದ ಮುಂದೆ ಎಷ್ಟು ಹಾಕಿದರೂ ಬಣ್ಣ ಅಷ್ಟಾಗಿ ಏರುವುದಿಲ್ಲ. ಶೇ. 10ನ್ನು ದಾಟಬಾರದೆಂದು ಅಮೆರಿಕದ ಎಎಸ್‌ಟಿಎಂ ಮಾನದಂಡ ಹೇಳುತ್ತದೆ, ದಾಟಿದರೆ ಕಲ್ಲಿನ ಬಲ ಕುಗ್ಗಬಹುದು. ಡಬ್ಬಿಯಲ್ಲಿ ಅಳೆಯುವ ಮೇಸ್ತ್ರಿಗೆ ದಯವಿಟ್ಟು ಒಂದು ತಕ್ಕಡಿ ಕೊಡಿಸಿ. ಒತ್ತಿ ತುಂಬಿದ ಡಬ್ಬಿಗೂ ಸಡಿಲ ಡಬ್ಬಿಗೂ ಕಣ್ಣಿಗೆ ಕಾಣುವಷ್ಟು ಅಂತರವಿರುತ್ತದೆ.

ಪುಡಿಯ ಬಣ್ಣ ಸಿಮೆಂಟಿನ ತೆಳು ಪೊರೆಯಲ್ಲಿರುತ್ತದೆ. ವರ್ಷಗಳು ಕಳೆದಂತೆ ಪೊರೆ ಸವೆದು ಒಳಗಿನ ಮರಳು, ಕಲ್ಲಿನ ಕಣಗಳು ಹೊರಬರುತ್ತವೆ. ಆದ್ದರಿಂದ ಹಳೆಯ ಗೋಡೆ ಯಾವ ಕಲ್ಲಿನದೋ ಅದೇ ಕಲ್ಲಿನ ಪುಡಿಯನ್ನು ಮರಳಿನ ಬದಲು ಬಳಸುವುದು ಜಾಣತನ. ಮಸ್ಕಿ, ಲಿಂಗಸುಗೂರಿನಲ್ಲಿ ಇದು ಕಷ್ಟವಲ್ಲ. ಅದೇ ಬಣ್ಣದ ಬಂಡೆ ಒಡೆಯುವ ಕ್ರಷರಿನಿಂದ, ಮಣ್ಣಿನ ಅಂಶ ತೊಳೆದ ಪುಡಿ ತಂದರಾಯಿತು. ತಯಾರಾದ ಕಲ್ಲಿನ ಮುಖವನ್ನು ತುಂಬ ತೆಳುವಾದ ಆಮ್ಲದಿಂದ ಒರೆಸಿ, ಚೆನ್ನಾಗಿ ನೀರು ಹಾಯಿಸಿದರೆ ಪೊರೆ ಹೋಗಿ ಕಣಗಳು ಮಿನುಗುತ್ತವೆ. ಈ ಕೆಲಸಕ್ಕೆ ಕೈಗವಸು, ಕನ್ನಡಕ ಕಡ್ಡಾಯ. ನೀರಿಗೆ ಆಮ್ಲ ಹಾಕಬೇಕೇ ಹೊರತು ಆಮ್ಲಕ್ಕೆ ನೀರು ಹಾಕಬಾರದು.

ನೀರಿನ ಪ್ರಮಾಣವೂ ಬಣ್ಣವೇ. ಒಂದು ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರ್ ಹಾಕಿದ ಕಲ್ಲಿಗಿಂತ ಇಪ್ಪತ್ತೇಳೂವರೆ ಲೀಟರ್ ಹಾಕಿದ್ದು ಒಣಗಿದ ಮೇಲೆ ತಿಳಿಯಾಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮಿಶ್ರಣ ಬಿಗಿಯಾಯಿತೆಂದು ಕೆಲಸಗಾರ ಒಂದು ತಂಬಿಗೆ ಸುರಿದರೆ ಬೆಳಗಿನ ಕಲ್ಲಿಗೂ ಸಂಜೆಯ ಕಲ್ಲಿಗೂ ಭೇದ ಬಂತು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಸೀಮೆಯಲ್ಲಿ ಬೆಳಗ್ಗೆಯೇ ಅಚ್ಚು ಹಾಕಿ, ನೆರಳಿನಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಎಲ್ಲ ಕಲ್ಲನ್ನೂ ಒಂದೇ ಸಮನಾಗಿ ತೇವದಲ್ಲಿಡಬೇಕು. ಅರ್ಧ ಬಿಸಿಲು ಅರ್ಧ ನೆರಳಿನಲ್ಲಿಟ್ಟ ಕಲ್ಲಿಗೆ ಎರಡು ಬಣ್ಣ ಗ್ಯಾರಂಟಿ.

ಆದರೆ ಸಿಂಧನೂರಿನ ಕಡೆ ಬಣ್ಣದ ನಿಜವಾದ ವೈರಿ ಉಪ್ಪು. ಇಲ್ಲಿ ಎರಡು ಬಗೆಯ ಬಿಳುಪನ್ನು ಬೇರ್ಪಡಿಸಿ ನೋಡಬೇಕು. ಸಿಮೆಂಟಿನೊಳಗಿನ ಸುಣ್ಣ ನೀರಿನೊಂದಿಗೆ ಮೇಲೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಬಿಳಿ ಪೊರೆಯಾಗುವುದು ಮೊದಲನೆಯದು. ಇದು ಕೆಂಪು, ಕಪ್ಪು ಕಲ್ಲಿನ ಮೇಲೆ ಎದ್ದು ಕಾಣುತ್ತದೆ, ಕೆಲವು ಮಳೆಗಾಲ ಕಳೆದರೆ ತಾನೇ ಕಡಿಮೆಯಾಗುತ್ತದೆ. ಎರಡನೆಯದು ನೆಲದಿಂದ ಏರುವ ಉಪ್ಪು. ಕಾಲುವೆ ನೀರಾವರಿಯಿಂದ ಜೌಗು, ಸವಳು ಹಿಡಿದ ಜಮೀನು ಆ ಅಚ್ಚುಕಟ್ಟಿನಲ್ಲಿ ಇರುವುದು ರೈತರೆಲ್ಲರಿಗೂ ಗೊತ್ತು. ಅಂಥ ನೆಲದ ತೇವ ಗೋಡೆಯನ್ನೇರಿ ಒಣಗಿದಾಗ ಉಪ್ಪಿನ ಹರಳು ಕಲ್ಲಿನ ಮುಖವನ್ನೇ ಉದುರಿಸುತ್ತದೆ. ಇದಕ್ಕೆ ಯಾವ ಪುಡಿಯೂ ಯಾವ ಪಾಲಿಶ್‌ವೂ ಉತ್ತರವಲ್ಲ. ಅಡಿಪಾಯದ ಮೇಲೆ ತೇವ ತಡೆಯುವ ಪದರ ಇರಲೇಬೇಕು, ನೆಲದಿಂದ ಒಂದೂವರೆ ಅಡಿಯವರೆಗೆ ಊರಿನ ಗ್ರಾನೈಟನ್ನೇ ಕಟ್ಟಿ, ಅಚ್ಚಿನ ಕಲ್ಲನ್ನು ಅದರ ಮೇಲೆ ಆರಂಭಿಸುವುದು ಕ್ಷೇಮ. ಕಲ್ಲು ಕಲಸಲು, ತೇವವಿಡಲು ಸವಳು ಬೋರ್‌ವೆಲ್ ನೀರು ಬಳಸಬಾರದು. ಟ್ಯಾಂಕರ್ ನೀರಿನ ಖರ್ಚು ಉಳಿಸಲು ಹೋಗಿ ಇಡೀ ಮುಖಮಂಟಪ ಬಿಳಿಚಿಕೊಂಡರೆ ಆ ಹಣ ವಿಶ್ವಾಸಿಗಳದ್ದು.

ಮಾದರಿ ನೋಡುವಾಗ ಕೈಯಗಲದ ತುಂಡು ಸಾಲದು. ಮೂರು ನಾಲ್ಕು ಬಗೆಯ ಮಿಶ್ರಣದಲ್ಲಿ ಪೂರ್ಣ ಗಾತ್ರದ ಕಲ್ಲುಗಳನ್ನು ಮಾಡಿಸಿ, ಒಂದು ತಿಂಗಳು ಒಣಗಿಸಿ, ತೊಳೆದ ಹಳೆಯ ಗೋಡೆಯ ಪಕ್ಕದಲ್ಲೇ ಸಂದು ತುಂಬಿಸಿ ನಿಲ್ಲಿಸಿ. ಕಲ್ಲು ಒದ್ದೆಯಿದ್ದಾಗ ಒಪ್ಪಿಗೆ ಕೊಡಬೇಡಿ. ಕಚೇರಿಯ ಟ್ಯೂಬ್‌ಲೈಟಿನಡಿಯೂ ಬೇಡ, ಅಲ್ಲಿ ಒಂದೇ ಎನಿಸಿದ ಎರಡು ಬಣ್ಣಗಳು ಬಿಸಿಲಿನಲ್ಲಿ ಬೇರೆಯಾಗುತ್ತವೆ. ಹಗಲು ಬೆಳಕಿನಲ್ಲಿ ಹತ್ತು ಅಡಿ ದೂರದಿಂದ ನೋಡುವುದು ಈ ಉದ್ಯಮದ ರೂಢಿ. ಸಂದಿನ ಗಾರೆಯನ್ನು ಮರೆಯಬಾರದು: 30 ಸೆಂ.ಮೀ. ಉದ್ದ 15 ಸೆಂ.ಮೀ. ಎತ್ತರದ ಕಲ್ಲಿಗೆ ಒಂದು ಸೆಂ.ಮೀ. ಸಂದು ಬಿಟ್ಟರೆ, ಗೋಡೆಯ ಶೇ. 9ರಷ್ಟು ಭಾಗ ಗಾರೆಯೇ ಆಗಿರುತ್ತದೆ. ಕಲ್ಲು ಚೆನ್ನಾಗಿ ಹೊಂದಿಯೂ ಗಾರೆಯಿಂದ ಕೆಟ್ಟ ಗೋಡೆಗಳನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಒಪ್ಪಂದದಲ್ಲಿ "ಹಳೆಯ ಕಲ್ಲಿನ ಬಣ್ಣದಂತೆ" ಎಂದಷ್ಟೇ ಬರೆದರೆ ಜಗಳಕ್ಕೆ ದಾರಿ. ಒಪ್ಪಿದ ಮಾದರಿಗಳಲ್ಲಿ ಅತಿ ತಿಳಿಯಾದದ್ದು ಒಂದು, ಅತಿ ಗಾಢವಾದದ್ದು ಒಂದು ಇಟ್ಟುಕೊಂಡು, ಎರಡಕ್ಕೂ ಹಿಂಬದಿಯಲ್ಲಿ ವಿಚಾರಣಾ ಗುರುಗಳು, ಪಾಲನಾ ಮಂಡಳಿಯ ಉಪಾಧ್ಯಕ್ಷರು ಮತ್ತು ಗುತ್ತಿಗೆದಾರರು ಸಹಿ ಹಾಕಲಿ. ಇವೆರಡರ ನಡುವೆ ಬರುವ ಕಲ್ಲು ಸ್ವೀಕೃತ, ಆಚೆಯದು ವಾಪಸು. ಸಾಧ್ಯವಿದ್ದರೆ ಎಲ್ಲ ಕಲ್ಲಿಗೂ ಬೇಕಾಗುವ ಪುಡಿ ಮತ್ತು ಕಲ್ಲುಪುಡಿಯನ್ನು ಒಮ್ಮೆಗೇ ಕೊಂಡು ಒಣ ಜಾಗದಲ್ಲಿಡಿ. ಸಿಮೆಂಟನ್ನು ಹಾಗೆ ತಿಂಗಳುಗಟ್ಟಲೆ ಇಡಲಾಗದು, ಅದಕ್ಕಾಗಿ ಕಂಪೆನಿ ಮತ್ತು ಬಗೆಯನ್ನು ಮಾತ್ರ ಬದಲಿಸದಿರಿ. ಕಟ್ಟುವಾಗ ಮೂರು ನಾಲ್ಕು ದಿನಗಳ ಕಲ್ಲುಗಳನ್ನು ಬೆರೆಸಿ ಎತ್ತಿಕೊಂಡರೆ ಉಳಿದ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಕೆಲಸ ಮುಗಿದ ಮೇಲೆ ಪ್ರತಿ ಆಕಾರದ ಎರಡೆರಡು ಕಲ್ಲುಗಳನ್ನು ಉಗ್ರಾಣದಲ್ಲಲ್ಲ, ಹೊರಗೆ ಗೋಡೆಯಷ್ಟೇ ಬಿಸಿಲು ಮಳೆ ಬೀಳುವ ಜಾಗದಲ್ಲಿ ಇಡಿಸಿ. ಮುಂದೆ ಒಂದು ತುಂಡು ಒಡೆದಾಗ ಅವು ಹಾಗೆಯೇ ಕೂಡುತ್ತವೆ. ಸಿಮೆಂಟಿನ ಬಗೆ, ಪುಡಿಯ ಹೆಸರು ಮತ್ತು ತೂಕ, ಕ್ರಷರ್ ಇರುವ ಊರು, ನೀರಿನ ಪ್ರಮಾಣ, ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಕಟ್ಟಡದ ನಕ್ಷೆಯ ಜೊತೆ ಧರ್ಮಕೇಂದ್ರದ ಕಚೇರಿಯಲ್ಲಿ ಇರಿಸಿ. ಮೇಸ್ತ್ರಿಯೂ ಬದಲಾಗುತ್ತಾರೆ, ಗುರುಗಳಿಗೂ ವರ್ಗವಾಗುತ್ತದೆ.